ಯಾರೂ ಉಳಿಯದ ಸಂಖ್ಯೆ

ಧಡ್! ಸಾವಿರಾರು ಕಾಲುಗಳು ಒಟ್ಟಿಗೆ ನೆಲ ಮುಟ್ಟಿದವು. ಅದರ ಬೆನ್ನಿಗೇ ಒಂಟಿಯಾಗಿ ಒಂದು ಟಪ್. ಡ್ರಿಲ್ ಮೇಷ್ಟ್ರು ಕಣ್ಣು ಮುಚ್ಚಿಕೊಂಡರು. ಬೆಳಿಗ್ಗೆಯಿಂದ ಆ ಟಪ್ ಅವರ ತಲೆಗೆ ಮೊಳೆಯಂತೆ ಇಳಿಯುತ್ತಿತ್ತು.

ಊರಿನ ಎಲ್ಲ ಶಾಲೆಗಳ ಮಕ್ಕಳನ್ನು ಸೇರಿಸಿ ವರ್ಷಕ್ಕೊಮ್ಮೆ ಕವಾಯತು ಮಾಡಿಸುವುದು ಅವರ ಕೆಲಸ. ಪ್ರತಿ ಸಲ ಸಾಲು ಹಚ್ಚಿದ ಮೇಲೆ ನಾಲ್ಕಾರು ಮಕ್ಕಳು ಉಳಿಯುತ್ತಿದ್ದರು. "ನೀವು ನೀರಿನ ಡ್ರಮ್ಮಿನ ಹತ್ತಿರ ಹೋಗ್ರಪ್ಪಾ" ಎನ್ನುತ್ತಿದ್ದರು. ಒಂದು ವರ್ಷ ಹಾಗೆ ಉಳಿದವರಲ್ಲಿ ಅವರ ಮಗಳೇ ಇದ್ದಳು. ಇಸ್ತ್ರಿಯ ಗೆರೆ ಮಾಸದ ಸಮವಸ್ತ್ರದಲ್ಲಿ, ಸುಮ್ಮನೆ ನಲ್ಲಿ ತಿರುಗಿಸುತ್ತಾ ನಿಂತಿದ್ದಳು. ಆಮೇಲೆ ಅವಳು ಮೈದಾನದ ಕಡೆ ತಲೆ ಹಾಕಲಿಲ್ಲ.

ಅಂದಿನಿಂದ ಮೇಷ್ಟ್ರಿಗೆ ಒಂದೇ ಗೀಳು: ಹೇಗೆ ಒಡೆದರೂ ಯಾರೂ ಉಳಿಯದ ಸಂಖ್ಯೆ. ಹಳೇ ಪತ್ರಿಕೆಗಳ ಅಂಚಿನಲ್ಲಿ ಗುಣಿಸುತ್ತಾ ಭಾಗಿಸುತ್ತಾ ಕೂರುತ್ತಿದ್ದರು. "ಮನೇಲಿರೋ ಮೂರು ಜನ ಒಟ್ಟಿಗೆ ಊಟಕ್ಕೆ ಕೂರೋ ಹಾಗೆ ಮಾಡಿ ಮೊದಲು" ಎಂದು ಹೆಂಡತಿ ಕುಟುಕುತ್ತಿದ್ದಳು. ಕಡೆಗೂ ಸಿಕ್ಕಿತು: ಎರಡು ಸಾವಿರದ ಐನೂರ ಇಪ್ಪತ್ತು. ಎರಡರಿಂದ ಹತ್ತರವರೆಗೆ ಯಾವುದರಿಂದ ಭಾಗಿಸಿದರೂ ಶೇಷ ಸೊನ್ನೆ. ಅದಕ್ಕಿಂತ ಚಿಕ್ಕ ಯಾವ ಸಂಖ್ಯೆಗೂ ಆ ಗುಣವಿಲ್ಲ. ಈ ವರ್ಷ ಅಷ್ಟೇ ಮಕ್ಕಳು. ಸೀಟಿ ಊದಿದಂತೆಲ್ಲ ಜೋಡಿಗಳು ಮೂರರ ಗುಂಪಾಗಿ, ನಾಲ್ಕರದಾಗಿ, ಹತ್ತರವರೆಗೆ ಅರಳುತ್ತಾ ಹೋಗಬೇಕು.

ನಾಳೆಯೇ ಪ್ರದರ್ಶನ. ನಿನ್ನೆ ಸಂಜೆ ಶಿಕ್ಷಣಾಧಿಕಾರಿ ತಮ್ಮ ತಂಗಿಯ ಮಗಳನ್ನು ತಂದು ಸೇರಿಸಿದ್ದರು. ಆ ಟಪ್ ಅವಳದೇ. ಪ್ರತಿ ಸೀಟಿಗೂ, ಎರಡರ ಗುಂಪಿರಲಿ ಹತ್ತರದಿರಲಿ, ಒಬ್ಬರು ಮಾತ್ರ ಹೊರಗೆ ಉಳಿಯುತ್ತಿದ್ದರು.

"ಹೊಸಬಳನ್ನ ಬಿಟ್ಟರೆ ಎಲ್ಲ ಸರಿಹೋಗುತ್ತೆ ಸಾರ್" ಎಂದರು ಮೇಷ್ಟ್ರು, ತಾಲೀಮು ನೋಡಲು ಬಂದಿದ್ದ ಅಧಿಕಾರಿಗೆ.

"ತಂಗಿಗೆ ಮಾತು ಕೊಟ್ಟಿದ್ದೀನಿ ಕಣ್ರೀ. ಒಬ್ಬಳು ಹೆಚ್ಚಾದ್ರೆ ಆಕಾಶ ಕಳಚಿ ಬೀಳುತ್ತಾ? ಇನ್ನೂ ಒಂಬತ್ತು ಮಕ್ಕಳನ್ನ ಸೇರಿಸಿ, ಹತ್ತಾಯ್ತು."

"ಹತ್ತಕ್ಕೆ ಸರಿಹೋಗುತ್ತೆ. ಮೂರಕ್ಕೆ ಕೆಡುತ್ತೆ, ನಾಲ್ಕಕ್ಕೆ ಕೆಡುತ್ತೆ, ಏಳಕ್ಕೂ ಕೆಡುತ್ತೆ."

"ಎಲ್ಲಕ್ಕೂ ಹೊಂದೋದು ಎಷ್ಟು ಅಂತ ಹೇಳಿ ಮತ್ತೆ, ಅಷ್ಟೂ ತರಿಸೋಣ."

"ಐದು ಸಾವಿರದ ನಲವತ್ತು."

ಅಧಿಕಾರಿ ಕುಡಿಯುತ್ತಿದ್ದ ನೀರು ನೆತ್ತಿಗೇರಿತು. "ಅಷ್ಟು ಟೋಪಿ ಯಾರ್ರೀ ಹೊಲಿಸೋದು, ನಿಮ್ಮ ಮಾವನಾ? ಒಬ್ಬನ್ನ ತೆಗೀರಿ. ಅಗೋ, ಕೊನೇ ಸಾಲಿನ ಕುಳ್ಳ. ಇದ್ರೂ ಕಾಣಲ್ಲ, ಇಲ್ದಿದ್ರೂ ಕಾಣಲ್ಲ. ಮನೆಗೆ ಕಳಿಸಿ."

ಕುಳ್ಳ ಟೋಪಿ ನೆಟ್ಟಗೆ ಮಾಡಿಕೊಳ್ಳುತ್ತಿದ್ದ. ಅವನಾಚೆ ಹೊಸ ಹುಡುಗಿ ಅಳು ನುಂಗಿಕೊಂಡು ನಿಂತಿದ್ದಳು. ಅವಳೂ ಆಸೆಪಟ್ಟು ಬಂದವಳಲ್ಲ.

"ಯಾರನ್ನೂ ಕಳಿಸಲ್ಲ ಸಾರ್. ಗುಂಪೇ ಬೇಡ. ಎಲ್ಲರೂ ಕೈ ಹಿಡ್ಕೊಂಡು ದುಂಡಗೆ ನಿಲ್ತಾರೆ. ಅದಕ್ಕೆ ಯಾವ ಸಂಖ್ಯೆಯಾದ್ರೂ ನಡೆಯುತ್ತೆ." ಮೇಷ್ಟ್ರು ಕೊರಳಿನ ಸೀಟಿ ತೆಗೆದು ಜೇಬಿಗೆ ಹಾಕಿಕೊಂಡರು. "ಕತ್ತೆ ಕಾಯೋನೂ ಮಾಡಿಸ್ತಾನೆ."

"ನೋಡಿದ್ರಾ, ಎಷ್ಟು ಸುಲಭ! ಲೆಕ್ಕ ಗಿಕ್ಕ ಅಂತ ಸುಮ್ನೆ ತಲೆ ಕೆಡಿಸ್ಕೊಂಡ್ರಿ. ಅಂದ ಹಾಗೆ ಮೇಷ್ಟ್ರೇ, ನಮ್ಮ ಹುಡುಗಿ ಅತಿಥಿಗಳ ಎದುರಿಗೇ ಬರೋ ಹಾಗೆ ಸ್ವಲ್ಪ..."

ಮೇಷ್ಟ್ರು ಆಗಲೇ ಅರ್ಧ ಮೈದಾನ ದಾಟಿದ್ದರು.