ರಾಹುಕಾಲ ಮುಗಿಯಲಿ

ನಮ್ಮ ಫುಟ್‌ಬಾಲ್ ಕ್ಲಬ್ಬಿನ ಸ್ಟಾರ್ ಸ್ಟ್ರೈಕರ್‌ನ ಒಪ್ಪಂದ ಮುಗಿದಿತ್ತು. ಹೊಸದು ಒಂದು ವರ್ಷಕ್ಕೋ ಐದು ವರ್ಷಕ್ಕೋ ಅಂತ ತಿಂಗಳುಗಟ್ಟಲೆ ಜಗಳ. ಕ್ಲಬ್ಬಿನ ಲಾಯರ್ ನಾನು. ಚಾಮರಾಜಪೇಟೆಯಲ್ಲಿರುವ ಕ್ಲಬ್ಬಿನ ಅಧ್ಯಕ್ಷರ ಮನೆಯಲ್ಲಿ ಗಂಟಲು ಹರಿದುಕೊಂಡು ಅವರನ್ನೂ ಸ್ಟ್ರೈಕರ್‌ನನ್ನೂ ಎರಡು ವರ್ಷಕ್ಕೆ ಒಪ್ಪಿಸಿದೆ. ಅವನು ಪೆನ್ನು ತೆಗೆದ.

"ಹತ್ತೂವರೆ ಆಗೋಯ್ತು, ರಾಹುಕಾಲ. ಹನ್ನೆರಡಕ್ಕೆ ಸಹಿ ಹಾಕೋಣ," ಅಂದರು ಅಧ್ಯಕ್ಷರು.

"ಸರ್, ಮನಸ್ಸು ಬದಲಾಗೋಕೆ ಮುಂಚೆ ಹಾಕಿಸ್ಬಿಡಿ," ಅಂದೆ. ಕೇಳಲಿಲ್ಲ. ಕಾಫಿ ಬಂತು, ಕೋಡುಬಳೆ ಬಂತು. ಅವನಿಗೊಂದು ಫೋನೂ ಬಂತು. ಹೊರಗೆ ಮಾತಾಡಿ ಬಂದವನು ಗೋಡೆಯ ಕ್ಯಾಲೆಂಡರ್ ಮುಂದೆ ನಿಂತ.

ಹನ್ನೆರಡಕ್ಕೆ ಅಧ್ಯಕ್ಷರು ಕರೆದರೆ, "ಸರ್, ಹನ್ನೊಂದಕ್ಕೇ ಅಷ್ಟಮಿ ಶುರುವಾಗಿದೆ. ನವಮೀನೂ ಕಳೀಲಿ, ಬರ್ತೀನಿ," ಅಂದ.

ಅಧ್ಯಕ್ಷರು ಕನ್ನಡಕ ಹಾಕಿಕೊಂಡು ನೋಡಿದರು. "ಹೌದಲ್ವೇ! ಎಂಥ ಸಂಸ್ಕಾರ ನೋಡ್ರೀ!"

ಮಾರನೇ ದಿನ ಬೆಳಿಗ್ಗೆ, ಅಷ್ಟಮಿಯಲ್ಲೇ, ಅವನು ಬೇರೆ ಕ್ಲಬ್ಬಿಗೆ ಸಹಿ ಹಾಕಿದ. "ಉದ್ಧಾರ ಆಗಲ್ಲ ಬಿಡಿ," ಅಂದರು ಅಧ್ಯಕ್ಷರು.

ಮುಂದೆ ಒಂದು ಭಾನುವಾರ ಸಂಜೆ ಅವನು ನಮ್ಮ ಮೇಲೆಯೇ ಎರಡು ಗೋಲು ಹೊಡೆದ. ಪಕ್ಕದಲ್ಲಿ ಕೂತಿದ್ದ ಅಧ್ಯಕ್ಷರು ವಾಚು ನೋಡಿಕೊಂಡು, "ಮ್ಯಾಚ್ ಶುರುವಾಗಿದ್ದೇ ರಾಹುಕಾಲದಲ್ಲಿ ಕಣ್ರೀ," ಅಂದರು.

ರಾಹುಕಾಲ ಎರಡು ತಂಡಕ್ಕೂ ಒಂದೇ ಅನ್ನೋಕೆ ಬಾಯಿ ತೆರೆದೆ. ಕಕ್ಷಿದಾರರಲ್ಲವೇ, "ಹೌದಲ್ವೇ ಸರ್!" ಅಂದೆ.