ಮೂಲೆಯ ಓರೆ ಗೆರೆ

ಪ್ರಯೋಗಾಲಯದ ಅಳತೆಯ ಯಂತ್ರ ಏನು ಹೇಳುತ್ತದೆಂದು ಕಳಕಪ್ಪ ಸರ್ ಆಮೇಲೆ ನೋಡುತ್ತಿದ್ದರು. ಮೊದಲು ಗಾಜಿನ ತುಂಡನ್ನು ಕಿಟಕಿಯ ಬೆಳಕಿಗೆ ಹಿಡಿದು ಒಂದು ಕಣ್ಣು ಮುಚ್ಚುವುದು, ಆಮೇಲೆ ತೀರ್ಪು: "ಗಂಜಿ ಹೆಚ್ಚಾಗೇತಿ. ತಗಿ ಇದನ್ನ."

ಅವರದು ಗಜೇಂದ್ರಗಡದ ನೇಕಾರರ ಮನೆ. ಸವಡಿಯಿಂದ ಸಂಶೋಧನೆಗೆಂದು ಬಂದ ನನಗೆ ಸೌರಕೋಶದ ಪಾಠವನ್ನೂ ಮಗ್ಗದ ಮಾತಿನಲ್ಲೇ ಕಲಿಸಿದರು. ಬಿಸಿಲನ್ನು ವಿದ್ಯುತ್ತಾಗಿಸುವ ಪೆರೋವ್‌ಸ್ಕೈಟ್ ಎಂಬ ಹರಳಿನ ದ್ರಾವಣವನ್ನು ಗಾಜಿನ ಮೇಲೆ ಹನಿಸಿ, ಗಿರ್ರನೆ ತಿರುಗಿಸಿ ಕಾಸಿದರೆ ಕೂದಲಿಗಿಂತ ತೆಳುವಾದ ಕಪ್ಪು ಪದರ ಕೂರುತ್ತದೆ. "ನೂಲಿಗೆ ಗಂಜಿ ಹಚ್ಚಿದಂಗ ಇದು. ಹೆಚ್ಚಾದ್ರ ಎಳಿ ಹರೀತದ, ಕಡಿಮಿ ಆದ್ರ ಬಿಚ್ಚಿಕೋತದ. ಬೆರಕಿ ಬದಲಾತಂದ್ರ ಹರಳು ಕೂಡೂ ರೀತಿನ ಬದಲಾಗತದ."

ಅವರಪ್ಪ ನೇಯ್ದ ಸೀರೆಗಳು ಸಾವುಕಾರನ ಹೆಸರಿನಲ್ಲಿ ಮಾರಾಟವಾಗುತ್ತಿದ್ದವಂತೆ. ಅದಕ್ಕೇ ಆತ ಅಂಚಿನಲ್ಲಿ ಒಂದು ಹಸಿರು ಎಳೆ ಅಡಗಿಸುತ್ತಿದ್ದ. "ಅಂಗಡ್ಯಾಗ ಅಂಚ ಮುಟ್ಟಿ ಮುಟ್ಟಿ ತನ್ನ ಸೀರಿ ಹುಡುಕ್ತಿದ್ದ ನಮ್ಮಪ್ಪ" ಎನ್ನುತ್ತ ಸರ್ ತಮ್ಮ ಅಂಗಿಯ ಅಂಚನ್ನು ಬೆರಳಲ್ಲಿ ಸವರುತ್ತಿದ್ದರು. ನಾನಂತೂ ಅತ್ತೇಬಿಟ್ಟಿದ್ದೆ. ಅಂದಿನಿಂದ ನನ್ನ ಗಾಜುಗಳ ಮೂಲೆಯಲ್ಲಿ ಒಂದು ಓರೆ ಗೆರೆ ಕೊರೆಯತೊಡಗಿದೆ. ಸರ್ ನೋಡಿ ನಕ್ಕರು: "ನಮ್ಮಪ್ಪನ ಖರೇ ಮೊಮ್ಮಗಳು ನೀನ ನೋಡವಾ!"

ಆ ಮಳೆಗಾಲದ ತೇವಕ್ಕೆ ಎಲ್ಲರ ಪದರಗಳೂ ಹಳದಿಗೆ ತಿರುಗಿ ಕೆಟ್ಟವು. ಸೀಸಿಯಂ ಲವಣ ಬೆರೆಸಿದರೆ ಕಪ್ಪು ನಿಲ್ಲುತ್ತದೆಂಬುದು ಹಳೆಯ ಮಾತು. ನಮ್ಮಲ್ಲಿ ಅದೂ ಸಾಲಲಿಲ್ಲ. ಅದಕ್ಕೆ ಇನ್ನೊಂದು ಲವಣವನ್ನು ಚಿಟಿಕೆ ಜೊತೆಮಾಡಿದ ನನ್ನ ಪದರ ಮಾತ್ರ ಕಪ್ಪಾಗಿಯೇ ಉಳಿಯಿತು. ಸರ್ ಬಹಳ ಹೊತ್ತು ಕಿಟಕಿ ಬಿಟ್ಟು ಕದಲಲಿಲ್ಲ.

"ಯಾರ ಮುಂದೂ ಅನಬ್ಯಾಡ. ಮಳಿಗಾಲ ದಾಟ್ಲಿ, ನಿನ್ನ ಹೆಸರಿಲೆ ಪೇಪರ್ ಬರಿಯೂಣು."

ನನ್ನ ಪಿಎಚ್‌.ಡಿ. ಅದರ ಮೇಲೇ ನಿಂತಿತ್ತು. ಅವ್ವನಿಗೂ ಹೇಳದೆ ಬಾಯಿ ಮುಚ್ಚಿಕೊಂಡಿದ್ದೆ.

ಮಳೆಗಾಲ ದಾಟಿತು. ವಿಚಾರಸಂಕಿರಣವೊಂದರಲ್ಲಿ ಸರ್ ಮಾತಾಡುತ್ತಿದ್ದರು, ನಾನು ಹಿಂದಿನ ಸಾಲಿನಲ್ಲಿದ್ದೆ. ಪರದೆಯ ಮೇಲೆ ಕಪ್ಪು ಪದರದ ಚಿತ್ರ ಮೂಡಿತು. ಮೂಲೆಯಲ್ಲಿ ನನ್ನ ಓರೆ ಗೆರೆ. "ಈ ಹದ ನಾನು ಕಂಡುಕೊಂಡದ್ದು" ಎಂದರು ಸರ್. ಜನ ಚಪ್ಪಾಳೆ ತಟ್ಟಿದರು. ಬೇಲಿಯೇ ಎದ್ದು ಹೊಲ ಮೇಯುವುದನ್ನು ಕಣ್ಣಾರೆ ಕಂಡೆ. ಹೆಸರು ಹೋದದ್ದಕ್ಕೆ ಸಿಟ್ಟಿದೆ. ಹಸಿರು ಎಳೆಯ ಕಥೆ ಹೇಳಿ ನನ್ನನ್ನು ಅಳಿಸಿದವರೇ ಹೀಗೆ ಮಾಡಿದ್ದನ್ನು ಇಂದಿಗೂ ಮರೆಯಲಾಗಿಲ್ಲ.

ಮರುದಿನ ಪ್ರಯೋಗಾಲಯಕ್ಕೆ ಹೋಗಿ, ನನ್ನ ಹೆಸರು ಎಲ್ಲಿ ಹೋಯಿತೆಂದು ಸರ್ ಅವರನ್ನು ಕೇಳಿದೆ.

"ಸೀರಿ ಮಾರೂದು ಅಂಗಡಿ ಹೆಸರಿಲೇ ನೋಡವಾ. ಆ ಗೆರಿ ಯಾರಿಗೆ ಕಾಣತದ?"

"ನಿಮಗ ಕಂಡಿತ್ತಲ್ರಿ, ಸರ್."

ಅವರು ಮೇಜಿನ ಮೇಲಿದ್ದ ಗಾಜೊಂದನ್ನು ಕಿಟಕಿಗೆ ಹಿಡಿದು ಒಂದು ಕಣ್ಣು ಮುಚ್ಚಿದರು. ನಾನು ಅವರನ್ನು ನೋಡಿದ್ದು ಅದೇ ಕೊನೆ. ಆ ಗಾಜಿಗೆ ಇನ್ನೂ ಯಾರೂ ಏನನ್ನೂ ಹನಿಸಿರಲಿಲ್ಲ.