ಬಿಚ್ಚಿ ನೋಡದ ಎಲೆ

…ಕಪ್ಪಾಗಿತ್ತೋ, ಕೆಂಪಾಗಿತ್ತೋ — ಅಕ್ಕ ಬಚ್ಚಲಲ್ಲಿ ಕುಸಿದು ಬಿದ್ದ ದಿನ ನಾನು ಕಂಡ ರಕ್ತದ ಬಣ್ಣ ಒಂದೊಂದು ಸಲ ಒಂದೊಂದಾಗಿ ನೆನಪಾಗುತ್ತದೆ. ಬೆಳಿಗ್ಗೆಯೇ ಆಗಿತ್ತೇ ಎಂಬುದೂ ಈಗ ಅನುಮಾನ. ಅನುಮಾನವಿಲ್ಲದ್ದು ಒಂದೇ: ಅವಳಿಗೆ ತಿಳಿಸದೆ, ಅವಳು ತಿನ್ನುವ ಎಲೆಯೊಳಗೆ ನಾನು ದಿನವೂ ಗುಳಿಗೆ ಪುಡಿ ಮಾಡಿ ಇಡುತ್ತಿದ್ದೆ.

ಒಳ್ಳೆಯದಕ್ಕೇ — ಇಲ್ಲ, ಆ ಮಾತನ್ನು ಬರೆಯಬಾರದು.

ನಾವು ಸವಣೂರಿನಲ್ಲಿ ವೀಳ್ಯದೆಲೆ ವ್ಯಾಪಾರದವರು. ನಮ್ಮಲ್ಲಿ ಸಿಟ್ಟು ಉರ್ದುವಿನಲ್ಲಿ, ತಮಾಷೆ ಕನ್ನಡದಲ್ಲಿ. ಗಂಡ ತೀರಿಕೊಂಡ ಮೇಲೆ ನನ್ನ ಅಕ್ಕ ಹಸೀನಾ ಆಪಾ ಮಗಳೊಂದಿಗೆ ನಮ್ಮ ಪಕ್ಕದ ಮನೆಗೇ ಬಂದಳು. ಮಧ್ಯಾಹ್ನ ಉಂಡ ಮೇಲೆ ಅವಳಿಗೆ ಎಲೆ ಮಡಚಿಕೊಡುವುದು ನನ್ನ ಕೆಲಸ. ಮನೆಯವರು ಮಡಚಿಕೊಟ್ಟ ಎಲೆಯನ್ನು ನಮ್ಮಲ್ಲಿ ಯಾರೂ ಬಿಚ್ಚಿ ನೋಡುವುದಿಲ್ಲ. ನೋಡಿದರೆ ಕೊಟ್ಟ ಕೈಯನ್ನೇ ಅನುಮಾನಿಸಿದಂತೆ. ಆ ನಂಬಿಕೆಯ ಮರೆಯಲ್ಲೇ ನಾನು ನಿಂತೆ.

ಅಪ್ಪ, ಆಮೇಲೆ ಅಣ್ಣ, ಇಬ್ಬರೂ ಹೊಟ್ಟೆಯ ಬೇನೆಯಿಂದಲೇ ಹೋದವರು. ಮನೆಯಲ್ಲಿ ಅದನ್ನು ಮೂಲವ್ಯಾಧಿ ಎಂದೇ ಕರೆದೆವು. ನನಗೆ ಕರುಳಿನ ಕ್ಯಾನ್ಸರ್ ಎಂದು ಹುಬ್ಬಳ್ಳಿಯಲ್ಲಿ ಆಪರೇಷನ್ ಆದಾಗ, ರಕ್ತ ಪರೀಕ್ಷೆ ಮಾಡಿಸಿದ ಡಾಕ್ಟರು ಇದು ವಂಶದಲ್ಲಿ ಇಳಿದು ಬರುವಂಥದ್ದು ಎಂದರು. ಇನ್ನೊಮ್ಮೆ ಬರದಂತೆ ತಡೆಯಲು ನೆರವಾಗಬಹುದೆಂದು ದಿನಕ್ಕೊಂದು ಆಸ್ಪಿರಿನ್ ಬರೆದರು — ಅದೂ ಹೊಟ್ಟೆಹುಣ್ಣು ಇದೆಯೇ, ಬೇರೆ ನೋವಿನ ಗುಳಿಗೆ ನುಂಗುತ್ತೀರಾ ಎಂದು ಕೆದಕಿ ಕೆದಕಿ ಕೇಳಿದ ಮೇಲೆ.

"ನಿಮ್ಮ ಅಕ್ಕಾರನ್ನೂ ಕರಕೊಂಡು ಬರ್ರಿ. ಅವರ ರಕ್ತಾನೂ ನೋಡಬೇಕು."

ಕರೆದೊಯ್ಯಲಿಲ್ಲ. ಆಪಾಳ ಮಗಳಿಗೆ ಹಾನಗಲ್ಲಿನ ಸಂಬಂಧ ಕೂಡಿಬಂದಿತ್ತು. ವಂಶದ ರೋಗ ಎಂದರೆ ಬೀಗರು ಸರಿದುಬಿಟ್ಟಾರು. ಹೇಳುವ ಧೈರ್ಯವಿಲ್ಲ, ಸುಮ್ಮನಿರುವ ಧೈರ್ಯವೂ ಇಲ್ಲ — ನನ್ನ ಗುಳಿಗೆಯನ್ನೇ ಅವಳಿಗೂ ಕೊಡತೊಡಗಿದೆ. ಡಾಕ್ಟರು ನನ್ನನ್ನು ಕೇಳಿದ ಯಾವ ಪ್ರಶ್ನೆಯನ್ನೂ ಅವಳನ್ನು ಕೇಳಲಿಲ್ಲ.

"ಏನೋ, ಸುಣ್ಣ ಬಿಟ್ಟು ಹುಣಸಿಹಣ್ಣು ಹಚ್ಚೀಯೇನ?" ಎಂದು ಮೊದಲ ದಿನ ಅವಳು ಮುಖ ಕಿವುಚಿದಳು. "ಹೆಂಡ್ತಿ ಕೂಡ ಜಗಳಾಡಿ ಮಡಚಿದ್ರ ಎಲಿ ಹಿಂಗ ಹುಳಿ ಆಗತೈತಿ ನೋಡು."

ನಕ್ಕು ಅಗಿದಳು. ಬಿಚ್ಚಲಿಲ್ಲ.

ಬಚ್ಚಲಲ್ಲಿ ಬಿದ್ದವಳನ್ನು ಹುಬ್ಬಳ್ಳಿಗೆ ಒಯ್ದಾಗ ಅದೇ ಡಾಕ್ಟರು ದಿನಾ ಏನೇನು ಗುಳಿಗೆ ತಗೋತೀರಿ ಎಂದು ಅವಳನ್ನು ಕೇಳಿದರು.

"ಮಣಕಾಲ ನೋವಿಗೆ ಒಂದ ತಗೋತೇನ್ರಿ, ಅಷ್ಟ. ಮತ್ತ ನಮ್ಮ ತಮ್ಮನ ಕೈಯಾಗಿನ ಎಲಿ — ಅದೂ ಔಷಧನ ಅಂತ ಬರಕೋರಿ!"

ಎಲ್ಲರೂ ನಕ್ಕರು. ನಾನೂ ನಕ್ಕೆನೇನೋ.

ಡಾಕ್ಟರ ಹಿಂದೆ ಹೊರಗೆ ಹೋಗಿ ಹೇಳಿಬಿಟ್ಟೆ. ಅವರು ಬೈಯಲಿಲ್ಲ. "ನೋವಿನ ಗುಳಗಿ ಜೋಡಿ ಇದು ಕೂಡಿದ್ರ ಜೀವಾನ ಹೋಗಬಹುದಿತ್ರಿ," ಎಂದರು. ಆಮೇಲೆ ರಕ್ತದ ಬಣ್ಣ ಕೇಳಿದರು. ಕೆಂಪು ಅಂದೆ — ಕಂಡದ್ದನ್ನೋ, ನನಗೆ ಬೇಕಾದದ್ದನ್ನೋ? ಬಚ್ಚಲಿಗೆ ನೀರು ಸುರಿದು ತೊಳೆದವನೂ ನಾನೇ. ದುರ್ಬೀನು ಹಾಕಿ ನೋಡಿದರೆ ಜಠರದಲ್ಲೊಂದು ಹುಣ್ಣು. ಕರುಳಿನಲ್ಲೊಂದು ಗಂಟು, ಇನ್ನೂ ಕ್ಯಾನ್ಸರ್ ಆಗಿರದ್ದು. ಗಂಟನ್ನು ತೆಗೆದರು. ಕೆಂಪಾಗಿದ್ದರೆ ಆ ಗಂಟಿನ ರಕ್ತವಿದ್ದೀತು. ಜಠರದಿಂದ ಇಳಿದು ಬರುವಷ್ಟರಲ್ಲಿ ಕಪ್ಪಾಗಿದ್ದರೆ ಹುಣ್ಣಿನದು — ಅಂದರೆ ನನ್ನದು.

ವಂಶದ ಮಾತನ್ನು ಅಂದೇ ಆಪಾಗೆ ಹೇಳಿದೆ. ಎಲೆಯ ಮಾತನ್ನು ಹೇಳಲಿಲ್ಲ. ಅವಳ ಮಗಳು ತಾನೇ ಹಾನಗಲ್ಲಿಗೆ ಫೋನ್ ಮಾಡಿ ಎಲ್ಲವನ್ನೂ ತಿಳಿಸಿದಳು. "ಹುಡುಗಿ ಮುಚ್ಚಿಡಾಕಿ ಅಲ್ಲಂತ ಗೊತ್ತಾತಲ್ಲ, ಇನ್ನೇನ ಬೇಕು," ಎಂದರಂತೆ ಆಕೆಯ ಅತ್ತೆಯಾಗುವವರು. ನಾನು ಹೆದರಿದ್ದು ಈ ಜನಕ್ಕೆ! ನಿಕಾಹ್ ಆಯಿತು. ಆಪಾಳ ರಕ್ತದಲ್ಲೂ ಆ ವಂಶದ ರೋಗದ ಗುರುತು ಇತ್ತು. ಹುಣ್ಣು ಮಾಯ್ದ ಮೇಲೆ ಡಾಕ್ಟರು ಮಣಕಾಲಿನ ಗುಳಿಗೆ ಬಿಡಿಸಿ, ಹೊಟ್ಟೆ ಕಾಯುವ ಗುಳಿಗೆಯ ಜೊತೆಗೆ ಆಸ್ಪಿರಿನ್ ಕೊಟ್ಟರು. ಈಗ ಅವಳು ತಿಳಿದೇ ನುಂಗುತ್ತಾಳೆ.

ತಮ್ಮ ಸಕಾಲಕ್ಕೆ ಒಯ್ದು ಉಳಿಸಿದ ಎಂದು ಅವಳು ಬಂದವರೆದುರೆಲ್ಲ ಹೇಳುತ್ತಿದ್ದಳು. ವರ್ಷಗಟ್ಟಲೆ ಕೇಳಿಸಿಕೊಂಡೆ. ಹೋದ ರಂಜಾನ್ ಮುಗಿದ ಮೇಲೊಂದು ದಿನ ಇನ್ನು ಕೇಳಲಾಗದೆ — ಹೇಳಿದೆ. ಅವಳ ಬಾಯಿಂದ ಸಿಟ್ಟಿನ ಉರ್ದು ಬರಲಿಲ್ಲ. ಕನ್ನಡವೂ ಬರಲಿಲ್ಲ. ಎದ್ದು ಹೋದಳು.

ಬಹಳ ದಿನ ಎಲೆಗೆ ಬರಲಿಲ್ಲ. ಒಂದು ಮಧ್ಯಾಹ್ನ ಬಂದು ಕುಳಿತು, ಎಲೆಯ ಡಬ್ಬಿಯನ್ನು ತನ್ನ ಕಡೆಗೆ ಎಳೆದುಕೊಂಡು, ತಾನೇ ಒಂದು ಮಡಚಿ ನನ್ನ ಮುಂದೆ ಹಿಡಿದಳು.

"ಬಿಚ್ಚಿ ನೋಡ್ತೀಯೇನ?"

ತಿಂದೆ. ಬರೀ ಎಲೆ, ಅಡಿಕೆ, ಸುಣ್ಣ, ಲವಂಗ.

"ಇನ್ನ ಮ್ಯಾಲೆ ನಾ ಮಡಚತೇನಿ. ನೀ ತಿನ್ನು."

ಅಂದಿನಿಂದ ಅವಳು ನನ್ನ ಕೈಯ ಎಲೆ ತಿಂದಿಲ್ಲ. ಅವಳ ಕೈಯದನ್ನು ನನಗೆ ತಪ್ಪಿಸಿಯೂ ಇಲ್ಲ. ಎರಡನೆಯದಕ್ಕೆ ನಾನು ಪ್ರತಿ ಮಧ್ಯಾಹ್ನ ಋಣಿ, ಮೊದಲನೆಯದನ್ನು ಪ್ರಶ್ನಿಸುವುದಿಲ್ಲ.

ಒಮ್ಮೆ ಬಣ್ಣದ ಬಗ್ಗೆ ಕೇಳಿದೆ.

"ಬಿದ್ದಾಕಿ ನಾನು, ನೋಡಿದಾಂವ ನೀನು," ಎಂದಳು. "ನನ್ನ ಯಾಕ ಕೇಳ್ತಿ?"

ಹೌದು, ನೋಡಿದವನು ನಾನೇ. ಬಣ್ಣ ಯಾವುದೆಂದು ನನಗೆ ಗೊತ್ತಿಲ್ಲ.